ಅಡಿಮರಕ್ಕೊಂದು ಪದ

ಚೌಕ ಬೇಡ, ಎಂದಳು ಹಿಲ್ಕ.
ಚೌಕಕ್ಕೆ ಶವಪೆಟ್ಟಿಗೆಯೊಂದೇ ಸಾಕು.
ಅಕ್ಷರ ದೋಣಿಯಾಗಿ ಬರಲಿ,
ಅಂಗೈಯಗಲದ ಕಾರ್ಡು, ಅರವತ್ತು ಪ್ರತಿ,
ಶನಿವಾರ, ಮಣ್ಣು ಮಾಡಿ ಬಂದು ಕಾಫಿ ಕುಡಿಯುವ ಹೊತ್ತಿಗೆ.

ಪೂಮಲದಲ್ಲಿ ನವೆಂಬರ್. ಮೂರೂವರೆಗೇ ಕತ್ತಲು.
ಸಾಯ್ಮ ಸರೋವರ ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತಿದೆ.
ನಾನೂ ಅಂಚಿನಿಂದಲೇ ಶುರುಮಾಡುತ್ತೇನೆ:
ಹದಿಮೂರು ಸಾಲು, ಸಾಲಿಗೆರಡು ಅಂಕಿ.
ಎಡಕ್ಕೆ ಎಷ್ಟು ಬಿಡಬೇಕು,
ಬಿಟ್ಟ ಮೇಲೆ ಎಷ್ಟು ದೂರ ಹೋಗಬೇಕು.
ಸೊನ್ನೆ, ಎಪ್ಪತ್ತೆರಡು ಮಿಲಿಮೀಟರ್.
ಒಂದು, ಎಪ್ಪತ್ತು.
ಎರಡೂವರೆ, ಅರವತ್ತೇಳು.
ಹೀಗೇ ಬದಿ ಬಾಗುತ್ತ ಬಾಗುತ್ತ
ಕೊನೆಗೆ ಮೂವತ್ತಮೂರು, ಆರು.
ಅದು ಅಡಿಮರ. ಮೂರಕ್ಷರ ಕೂತರೆ ಹೆಚ್ಚು.

ಪಾದ್ರಿ ಬರೆದುಕೊಟ್ಟದ್ದನ್ನು ಸುರಿದೆ.
ಹಾಸಿಗೆ ನೋಡಿ ಕಾಲು ಚಾಚುವ ಜಾತಿಯವಲ್ಲ
ನಮ್ಮ ನುಡಿಯ ಪದಗಳು.
ದೋಣಿ ಕೆತ್ತುವವ ಎಂಬುದೇ ಒಂದೇ ಉಸಿರಿನ ಹದಿನಾಲ್ಕಕ್ಷರ;
ಹತ್ತನೆಯ ಸಾಲಿನಲ್ಲಿ ಹಲಗೆ ಒಡೆದು ಹೊರಬಂತು.
ಅಂಚಿನಲ್ಲೊಂದು ಕಪ್ಪು ಪಟ್ಟಿ ಬರೆದು
ಯಂತ್ರ ದೂರು ಕೊಟ್ಟಿತು: ತುಂಬಿ ತುಳುಕಿದೆ.
ಹದಿಮೂರು ದಾಟಿದ ಮೇಲೆ ಅದಕ್ಕೆ ಬೇರೆ ಬುದ್ಧಿಯಿಲ್ಲ,
ಕೊನೆಯ ಅಳತೆಯನ್ನೇ ಹಿಡಿದು ಕೂರುತ್ತದೆ;
ಆರು ಮಿಲಿಮೀಟರ್, ಮತ್ತೆ ಆರು, ಮತ್ತೆ ಆರು.
ದೋಣಿಯ ಹೊಟ್ಟೆಯಿಂದ ಕಾರ್ಡಿನ ತಳದವರೆಗೂ
ಲಂಗರಿನ ಹಗ್ಗ ಇಳಿಬಿಟ್ಟ ಹಾಗೆ
ಪಾದ್ರಿಯ ವಿಶೇಷಣಗಳು.

ಕತ್ತರಿಸಿದೆ. ಸಮರ್ಪಿತ ಹೋಯಿತು,
ಎಲ್ಲರಿಗೂ ಬೇಕಾದವನೂ ಹೋದ.
ಈಗ ದೋಣಿ ಹನ್ನೊಂದು ಸಾಲಿಗೇ ನಿಂತಿದೆ,
ತಳವಿಲ್ಲ.

ಫೋನು ಮಾಡಿ ಕೇಳಿದೆ: ಹಿಲ್ಕ, ಇನ್ನೊಂದಿಷ್ಟು ಪದ ಬೇಕು.
ಎಷ್ಟು?
ಆರೋ ಏಳೋ. ಆಮೇಲೆ ಒಂದು, ತೀರಾ ಚಿಕ್ಕದು.
ಆ ಕಡೆ ಬಾಣಲೆಯಲ್ಲಿ ಮೀನು ಚಟಪಟ ಅನ್ನುತ್ತಿತ್ತು.
ಒಬ್ಬಳಿಗೆ ಎಷ್ಟು ಮೀನು ಹುರಿಯಬೇಕೋ ಇನ್ನೂ ಗೊತ್ತಾಗುತ್ತಿಲ್ಲ, ಅಂದಳು.
ಆಮೇಲೆ ಅಂದಳು:
ಓಯ್ವನ ಬಾಯಿತುಂಬ ಯಾವಾಗಲೂ ತಾಮ್ರದ ಮೊಳೆ.
ಊಟಕ್ಕೆ ಬಾ ಅಂದರೂ, ಮಗಳಿಗೆ ಜ್ವರ ಅಂದರೂ,
ಸಾಲ ತೀರಿತು ಅಂದರೂ
ಉಸಿರನ್ನು ಒಳಗೆಳೆದುಕೊಂಡು ‘ಯೋ’ ಅನ್ನುತ್ತಿದ್ದ, ಅಷ್ಟೆ.
ಹೂಂ ಅಂತ ಅರ್ಥ, ನಿನಗೇನು ಹೇಳುವುದು.
ಮೊಳೆ ನುಂಗಿಬಿಟ್ಟಾನೆಂದು ಮೂವತ್ತೊಂಬತ್ತು ವರ್ಷ ಹೆದರಿದೆ.
ನುಂಗಲಿಲ್ಲ. ಹೋದದ್ದು ಬೇರೆ ಯಾವುದರಿಂದಲೋ.

ಹನ್ನೆರಡನೆಯ ಸಾಲಿನಲ್ಲಿ ಮೊಳೆ.
ಹದಿಮೂರರಲ್ಲಿ ‘ಯೋ’.
ನಮ್ಮ ಲಿಪಿಯಲ್ಲಿ ಸರಿಯಾಗಿ ಮೂರಕ್ಷರ,
ಪಕ್ಕದಲ್ಲಿ ಚುಕ್ಕೆಯೊಂದಕ್ಕೆ ಜಾಗವೂ ಉಳಿಯಿತು.

ಒಂಬತ್ತನೆಯ ಸಾಲು ಮಾತ್ರ ಕೊನೆಗೂ ಒಗ್ಗಲಿಲ್ಲ.
ನಾಲ್ಕೇ ಪದ, ನಡುವೆ ಹಲ್ಲು ಬಿದ್ದ ಬಾಯಿ.
ಕೆಟ್ಟತನ ಹತ್ತು ಸಾವಿರ, ಎಂದಿತು ಯಂತ್ರ;
ಅದಕ್ಕಿಂತ ಹೆಚ್ಚು ಅದಕ್ಕೆ ಎಣಿಸಲು ಬರುವುದಿಲ್ಲ.
ಸಹನೆ ಎಂದು ಹೆಸರಿಟ್ಟ ಅಂಕಿಯೊಂದಿದೆ ಅದಕ್ಕೆ,
ಅದನ್ನೂ ಏರಿಸಿ ನೋಡಿದೆ ರಾತ್ರಿ ಒಂದರವರೆಗೆ.
ಎರಡು ಪದ ಬದಲಿಸಿದರೆ ಹದಿಮೂರೂ ಸಾಲು ಕದಲುತ್ತವೆ,
‘ಯೋ’ ಜಾರಿ ನೀರಿಗೆ ಬೀಳುತ್ತದೆ.

ಬೆಳಿಗ್ಗೆ ಕರಡು ಒಯ್ದೆ.
ಕನ್ನಡಕ ಹುಡುಕದೆ ಬೆರಳಲ್ಲೇ ಓದಿದಳು ಹಿಲ್ಕ,
ಬೆರಳು ಒಂಬತ್ತನೆಯ ಸಾಲಿನಲ್ಲಿ ನಿಂತಿತು.
ಇಲ್ಲಿ ಸೋರುತ್ತೆ.
ಸೋರುತ್ತೆ, ಎಂದೆ, ತಪ್ಪು ನನ್ನದು.

ಹೊಸ ದೋಣಿ ತಾನೆ, ಎಂದಳು,
ಮೊದಲ ದಿನ ಸೋರದ್ದು ಯಾವುದಿದೆ?
ನೀರು ಕುಡಿದು ಮರ ಉಬ್ಬಲಿ, ಬಿಡು.
ಕಾರ್ಡನ್ನು ಕಿಟಕಿಗೆ ಒರಗಿಸಿಟ್ಟು
ತಟ್ಟೆಯಲ್ಲಿ ಮಿಕ್ಕ ಮೀನು ನನ್ನ ಮುಂದೆ ತಳ್ಳಿದಳು.
ತಿನ್ನುತ್ತೀಯಾ? ಅಂದಳು.
ಬಾಯಲ್ಲಿ ಏನೂ ಇರಲಿಲ್ಲ, ಆದರೂ
ಉಸಿರು ಒಳಗೆಳೆದುಕೊಂಡೇ ಹೇಳಿದೆ.