ತಂಗಳು ಬಾಡು

ನಾಗಮಂಗಲದ ಬೀಗರೂಟದಿಂದ
ಸ್ಟೀಲು ಡಬ್ಬಿಯಲ್ಲಿ ಬಂದದ್ದು
ನಾಲ್ಕೇ ತುಂಡು, ಪಕ್ಕೆಲುಬಿನವು.
ಫ್ರಿಜ್ಜಿನಲ್ಲಿ ಕೊಬ್ಬು ಹೆಪ್ಪುಗಟ್ಟಿ
ಸುಣ್ಣ ಬಳಿದ ಗೋಡೆ.

ಈಚೆ ತೆಗೆದಿಟ್ಟು ಕಾಯುತ್ತೇನೆ.
ಮದುವೆಯಾದ ಹೊಸದರಲ್ಲಿ
ದೊಡ್ಡುರಿಗೆ ಒಡ್ಡಿದ್ದೆ ಒಮ್ಮೆ:
ತುಂಡು ಹೋಗಿ ಚಪ್ಪಲಿ ಅಟ್ಟೆ.
ಪುಟ್ಟಮಾದು ಮಾತಾಡದೆ ಅಗಿದು
ಮೂರು ಲೋಟ ನೀರು ಕುಡಿದಿದ್ದ.

"ತಂಗಳ ತುಂಡಿಗೆ ಉರಿ ಯಾಕವ್ವ,
ಕಾವು ಸಾಕು"
ಅಂದಿದ್ದಳು ಅತ್ತೆ,
ನನಗೋ, ಒಲೆಗೋ.

ಹೆಂಚಿಗೆ ನಾಲ್ಕು ಹನಿ ನೀರು, ಮೇಲೊಂದು ತಟ್ಟೆ.
ಜಿಡ್ಡು ಕರಗುವ ಸದ್ದಿಗೇ
ಗುತ್ತಲು ರಸ್ತೆಯ ಬೆಕ್ಕು
ಕಿಟಕಿಗೆ ಬಂದು ಕೂತಿತು.

ರಾತ್ರಿ ಪಾಳಿ ಮುಗಿಸಿ ಅವನು ಬರುವ ಹೊತ್ತು.
ಮುದ್ದೆ ಬಿಸಿಯಿದೆ.
ನಾಲ್ಕರಲ್ಲಿ ಮೂರು ಉಳಿದಿವೆ.
ಉಪ್ಪು ನೋಡಿದೆ,
ಅಷ್ಟೆ.