ಜೋಡಿಯ ಷರತ್ತು

ಪಾಲಿಸಿಯ ಹದಿನಾಲ್ಕನೇ ಪುಟ, ಇರುವೆ ಸಾಲಿನಂಥ ಅಕ್ಷರ:
ಜೋಡಿಯಲ್ಲೊಂದು ಕಳೆದುಹೋದರೆ
ಉಳಿದದ್ದನ್ನು ಕಂಪನಿಗೆ ಒಪ್ಪಿಸಿ
ಪೂರ್ತಿ ಹಣ ಪಡೆಯತಕ್ಕದ್ದು.
ಇಲ್ಲವೇ ಒಂಟಿಯನ್ನು ಇಟ್ಟುಕೊಂಡು
ಅರ್ಧಕ್ಕೆ ಸುಮ್ಮನಾಗತಕ್ಕದ್ದು.

ಇಪ್ಪತ್ತಾರು ವರ್ಷದಿಂದ ಇದನ್ನು
ಡಂಡೀ ಊರಿನ ಅಡುಗೆಮನೆಗಳಲ್ಲಿ ಕೂತು
ಚಹಾ ಆರುವ ಮುನ್ನ ಓದಿ ಹೇಳುವುದು ನನ್ನ ಕೆಲಸ.
ಜನ ಪೂರ್ತಿಯನ್ನೇ ಆರಿಸುತ್ತಾರೆ. ಯಾರು ಬಿಡುತ್ತಾರೆ?
ಹಾಗಾಗಿ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ
ಒಂದು ಬೆಳ್ಳಿಯ ದೀಪದ ಕಂಬ,
ಒಂದೇ ತೋಳಿನ ಚಿನ್ನದ ಗುಂಡಿ,
ಪಕ್ಕಕ್ಕೆ ತಿರುಗಿ ನಗುವ ಪಿಂಗಾಣಿ ಹುಡುಗಿ.
ಅವಳ ಹುಡುಗನನ್ನು ಪರ್ತ್‌ನಲ್ಲಿ ಬೆಕ್ಕು ಬೀಳಿಸಿತು.
ವರ್ಷಕ್ಕೊಮ್ಮೆ ಹರಾಜಿನವನು ಬಂದು
ಒಂದೇ ಪೆಟ್ಟಿಗೆಗೆ ಸುರಿದುಕೊಂಡು ಹೋಗುತ್ತಾನೆ.

ಇಶ್ಬೆಲ್ ಗಥ್ರಿ, ವಯಸ್ಸು ಎಂಬತ್ತೊಂದು.
ಬ್ರಾಟಿ ಫೆರಿಯ ಮನೆ, ಎರಡನೆಯ ಮಹಡಿ.
ಕಳೆದದ್ದು: ಮುತ್ತಿನ ಓಲೆ, ಒಂದು.
ಎಲ್ಲಿ: ಬಸ್ಸಿನಲ್ಲೋ, ಮೀನಿನಂಗಡಿಯಲ್ಲೋ,
ಉಣ್ಣೆಯ ಟೋಪಿ ಕಳಚುವಾಗಲೋ.
ಎಷ್ಟು: ನಾಲ್ಕು ಸಾವಿರದ ಇನ್ನೂರು ಪೌಂಡು, ಜೋಡಿಗೆ.

ಸಮುದ್ರದ ಮುತ್ತಲ್ಲ, ಟೇ ನದಿಯದು.
ಗಂಡ ವಾಟಿ ಸೊಂಟಮಟ್ಟ ನೀರಲ್ಲಿ ನಿಂತು
ಗಾಜಿನ ತಳದ ಬಕೀಟು ಒತ್ತಿ, ಅದರೊಳಗೆ ಮುಖವಿಟ್ಟು
ನದಿಯ ತಳವನ್ನು ಓದುತ್ತಿದ್ದವನು.
ಈಗ ಆ ಚಿಪ್ಪು ಮುಟ್ಟಿದರೆ ಅಪರಾಧ.
ಹೊಸದು ಸಿಗುವುದಿಲ್ಲ, ಆದ್ದರಿಂದ ಬೆಲೆ ಏರಿದೆ,
ಆದ್ದರಿಂದ ತಮ್ಮ ಕಂತೂ ಏರಿದೆ
ಎಂದು ನಾನೇ ಎರಡು ಸಲ ಕಾಗದ ಹಾಕಿದ್ದೆ.

ಷರತ್ತು ಓದಿ ಮುಗಿಸಿದೆ.
ಆಕೆ ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿ
ಕೇಳಿದ್ದು ಹಣದ ಮಾತಲ್ಲ:
"ಉಳಿದಿರೋದು ಮೊದಲನೇದೋ, ಎರಡನೇದೋ? ಅಷ್ಟು ಹೇಳಿ."

ಮೊದಲ ಮುತ್ತು ಸಿಕ್ಕಿದ್ದು ಮದುವೆಯಾದ ವರ್ಷ.
ಅದಕ್ಕೊಪ್ಪುವ ಇನ್ನೊಂದಕ್ಕೆ ಏಳು ಬೇಸಿಗೆ ಬೇಕಾಯಿತು.
ಏಳು ವರ್ಷ ಒಂದೇ ಕಿವಿಗೆ ಹಾಕಿಕೊಂಡು
ಸೆಣಬಿನ ಗಿರಣಿಗೆ ಹೋದಳು, ಎರಡು ಹೆತ್ತಳು,
ಚರ್ಚಿನ ಮುಂದಿನ ಸಾಲಿನಲ್ಲಿ ನಿಂತು ಹಾಡಿದಳು.
ಯಾರಾದರೂ ಕೇಳಿದರೆ,
"ಇನ್ನೊಂದು ಬರ್ತಾ ಇದೆ. ಹೊಳೆಯಲ್ಲಿದೆ."

ಕಡತ ಬಿಚ್ಚಿದೆ. ತೊಂಬತ್ತೊಂದರ ಮೌಲ್ಯಮಾಪನ,
ನನಗಿಂತ ಮುಂಚಿನವನ ವಾಲಿದ ಕೈಬರಹ:
ಒಂದು, ಪೂರ್ಣ ಗೋಲ. ಇನ್ನೊಂದು, ಅಡಿಯಲ್ಲಿ ತುಸು ಚಪ್ಪಟೆ.
ತೊಟ್ಟಾಗ ಕಾಣದು. ಬೆಲೆಗೆ ಬಾಧಕವಿಲ್ಲ.
ಭೂತಗನ್ನಡಿ ಕಣ್ಣಿಗಿಟ್ಟು ಮುತ್ತನ್ನು
ಬೆರಳ ನಡುವೆ ತಿರುಗಿಸಿದೆ, ಮತ್ತೆ ತಿರುಗಿಸಿದೆ.

"ಚಪ್ಪಟೆ" ಎಂದೆ.
"ಹಾಗಾದರೆ ಅದೇ. ಹೊಳೆ ಅದರ ಮೇಲೆ
ಮಗ್ಗುಲಾಗಿ ಮಲಗಿತ್ತು ಅಂತಿದ್ದ ವಾಟಿ. ಮೊದಲನೇದು."
ಆಮೇಲೆ ಕಳೆದುಹೋದದ್ದಕ್ಕೆ ಅತ್ತಳು, ತುಸುವೇ.
ಅವನು ಹೆಚ್ಚು ನೆನೆದದ್ದು ಅದಕ್ಕಾಗಿ;
ಏಳು ವರ್ಷ ತಡವಾಗಿ ಬಂದು ತಲುಪಿದ ಓಲೆ.
ನಾನು ಆರಿದ ಚಹಾ ಕುಡಿದೆ.

ಅರ್ಧಕ್ಕೆ ಸಹಿ ಹಾಕಿದಳು.
ಒಂಟಿಗೆ ಪೇಟೆಯಲ್ಲಿ ಅರ್ಧ ಬೆಲೆಯೂ ಇಲ್ಲ,
ಯೋಚಿಸಿ ನೋಡಿ ಎಂದೆ, ನಿಯಮದಂತೆ.
"ಅದು ಪೇಟೆಯ ಕಷ್ಟ" ಎಂದಳು.
ಬರುವ ವರ್ಷದ ಕಾಗದದಲ್ಲಿ ಜೋಡಿ ಎಂಬುದನ್ನು ಹೊಡೆದು
ಒಂದು ಎಂದು ಬರೆಯಲು ಹೇಳಿದಳು.
ಬರೆದೆ. ಕಂತು ಹನ್ನೊಂದು ಪೌಂಡು ಇಳಿಯಿತು.

ಆಕೆಯ ನಂಬರು ಹಾಕಿ ಮೊದಲೇ ತಂದಿದ್ದ ಲಕೋಟೆ,
ಚಿಕ್ಕದು, ಕಂದು ಬಣ್ಣದ್ದು,
ಖಾಲಿಯೇ ಹೊರಟಿತು ನನ್ನ ಜೇಬಿನಲ್ಲಿ.
ವಾಪಸು ಬರುವಾಗ ಬಸ್ಸಿನಲ್ಲಿ, ಯಾಕೋ,
ಸೀಟಿನ ಕೆಳಗೆ ಬಗ್ಗಿ ನೋಡಿದೆ.