ಷರಾ

ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿಯ ಊರಿನವನು ನಾನು.
ಸಾಲಿನಲ್ಲಿ ನಿಲ್ಲುವುದು ಹಾಸನದವರಿಗೆ
ಹೇಳಿಕೊಡಬೇಕಾದ ವಿದ್ಯೆಯಲ್ಲ.
ಅಪ್ಪ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುತ್ತಿದ್ದ.
ಛತ್ರಿಯ ನೆರಳು, ಮಡಿಸುವ ಮೇಜು, ಅರ್ಜಿಗೆ ಮೂರು ರೂಪಾಯಿ.
'ಘನ ಸನ್ನಿಧಾನಕ್ಕೆ' ಎಂದು ಶುರು,
'ಇಂತಿ ತಮ್ಮ ವಿಧೇಯ' ಎಂದು ಕೊನೆ,
ನಡುವೆ ಯಾರದೋ ಬದುಕು.

ಆ ಸಾಲನ್ನೇ ಅಳಿಸುತ್ತೇನೆಂದು ಹೊರಟೆ.
ಬಿ.ಎಂ. ರಸ್ತೆಯಲ್ಲಿ, ಟೈರ್ ಅಂಗಡಿಯ ಮಹಡಿ ಮೇಲೆ
ಆರು ಕುರ್ಚಿಯ ಕಂಪನಿ.
ದೊಡ್ಡ ಸಭೆಯಲ್ಲಿ ಪರದೆ ಇಳಿಸಿ ಹೇಳಿದೆ:
ಗುಮಾಸ್ತನಿಗೆ ಜ್ವರ ಬರುತ್ತದೆ, ಯಂತ್ರಕ್ಕಿಲ್ಲ.
ಮೇಜಿನ ಕೆಳಗೆ ಚಾಚಲು ಯಂತ್ರಕ್ಕೆ ಕೈಯಿಲ್ಲ.
ಚಪ್ಪಾಳೆ ಬಿತ್ತು. ಗೋಡಂಬಿ ಬಂತು.

ದಾಖಲೆ ಕೋಣೆಯ ಕೀಲಿ ಷಡಕ್ಷರಯ್ಯನ ಸೊಂಟದಲ್ಲಿ.
ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ
ಎರಡು ಸೀನು, ಒಂದು ಜಿರಲೆ, ನೂರು ವರ್ಷದ ಶಾಯಿ.
ಸರ್ವೆ ನಂಬರು, ಎಕರೆ, ಗುಂಟೆ, ಖಾತೆದಾರನ ಹೆಸರು
ಸಲೀಸಾಗಿ ಇಳಿದವು ಪರದೆಯ ಮೇಲಿನ ಖಾನೆಗಳಿಗೆ.
ಕೊನೆಯ ಕಲಂ ಒಂದೇ ತಕರಾರು ತೆಗೆದದ್ದು.
ಷರಾ.

ಯಾವನೋ ಶಾನುಭೋಗ ಬರೆದಿದ್ದ:
'ಬಾವಿ ಇವನದು, ನೀರು ಕೇರಿಯದು.'
ಇನ್ನೊಬ್ಬ: 'ದಂಡಿಗೆ ಹೋದ ಗಂಡ ಬಂದಿಲ್ಲ.
ಬರುವವರೆಗೆ ಉಳುಮೆ ಈಕೆಯದೇ.'
'ಗಡಿ ಹುಣಸೆಮರ. ಮರ ಬಿದ್ದಿದೆ. ಇಬ್ಬರೂ ಒಪ್ಪಿದ್ದಾರೆ.'
ಒಂದು ಕಡೆ, ಬರೀ, 'ನೋಡಿದೆ.'

ಇದನ್ನೆಲ್ಲ ಎಲ್ಲಿಗೆ ಹಾಕಲಿ ಸರ್, ಕೇಳಿದಳು ನಾಝಿಮಾ.
ಹೌದು-ಇಲ್ಲಗಳಲ್ಲಿ ಕೂರದ್ದನ್ನು ಬಿಟ್ಟುಬಿಡು, ಅಂದೆ.
ನಾನೇ ಅಂದದ್ದು.

ಮೂರನೇ ವರ್ಷ ದುದ್ದದ ಆಚೆಯಿಂದ ಈರಕ್ಕ ಬಂದಳು,
ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು.
ಜಮೀನು ಕೊಂಡವನು ಬಾವಿಗೆ ಜಾಲರಿ ಹಾಕಿ ಬೀಗ ಜಡಿದಿದ್ದಾನೆ.
ಅವನ ಕೈಯಲ್ಲಿ ನಮ್ಮ ಕಾಗದ, ಮಿರುಗುವ ಮುದ್ರೆ.
ಅವಳಿಗೆ ಸಿಟ್ಟಿರಲಿಲ್ಲ.
'ಕಾಗ್ದ ಸುಳ್ಳು ಹೇಳ್ತಿಲ್ಲ ಕಣಪ್ಪ,
ಅರ್ಧ ಹೇಳ್ತಾ ಐತೆ.'
ನಾನೇ ಕಟ್ಟಿದ ವ್ಯವಸ್ಥೆಗೆ ಅವಳ ದೂರು ಹಾಕಿದೆ.
ನಾಲ್ಕು ಸೆಕೆಂಡು. 'ವಿಲೇವಾರಿಯಾಗಿದೆ.'
ಆ ನಾಲ್ಕು ಸೆಕೆಂಡಿಗೆ ನನಗೊಂದು ಪ್ರಶಸ್ತಿ ಬಂದಿತ್ತು.

ಷಡಕ್ಷರಯ್ಯನಿಗೆ ಹೇಳಿದೆ, ತಪ್ಪಾಯಿತು ಎಂದು.
ಅವನು ಇನ್ನೊಂದು ಗಂಟು ಬಿಚ್ಚಿದ. ಅದೇ ಕಲಂ, ಅದೇ ದುಂಡು ಅಕ್ಷರ:
'ಈ ಕೇರಿಯವರು ಕೆರೆಗೆ ಇಳಿಯಕೂಡದು.'
ಬರೆಯೋ ಜಾಗ ಇದ್ದರೆ ಎಲ್ಲಾನೂ ಬರೀತಾರೆ, ಅಂದ,
ಗಂಟು ಕಟ್ಟಿದ.

ರಾತ್ರಿ ತಾರಸಿಯ ಮೇಲೆ ಕೂತೆ.
ಸಾಲಗಾಮೆ ರಸ್ತೆಯ ಆ ಬಿಳಿ ಬೋಗುಣಿಗಳು ಆಕಾಶಕ್ಕೆ ಬಾಯಿ ತೆರೆದು
ಮೂವತ್ತಾರು ಸಾವಿರ ಕಿಲೋಮೀಟರ್ ಆಚೆಯದನ್ನು
ಈ ಊರಿನಿಂದಲೇ ಮಾತಾಡಿಸುತ್ತವೆ.
ಅಷ್ಟು ಎತ್ತರದಲ್ಲೂ ಯಾವುದೂ ತಾನಾಗಿ ನಿಲ್ಲುವುದಿಲ್ಲವಂತೆ.
ಮೆಲ್ಲಗೆ ಜಾರುತ್ತದಂತೆ.
ಯಾರೋ ಎಚ್ಚರವಿದ್ದು ಆಗಾಗ ಒಂಚೂರು ತಳ್ಳಬೇಕಂತೆ.
ದುದ್ದ ಇಪ್ಪತ್ತು ಕಿಲೋಮೀಟರ್. ನಾನು ಹೋಗಿರಲಿಲ್ಲ.

ಮುಂದೆ ಅರ್ಜಿಯನ್ನೂ ಯಂತ್ರವೇ ಬರೆಯುತ್ತದೆ,
ಓದುವುದೂ ಯಂತ್ರವೇ,
ಒಂದು ಇನ್ನೊಂದಕ್ಕೆ 'ಇಂತಿ ತಮ್ಮ ವಿಧೇಯ' ಅನ್ನುತ್ತದೆ.
ತಪ್ಪಿರುವುದಿಲ್ಲ. ತಡವಿರುವುದಿಲ್ಲ.
ಹೆದರಿಕೆ ಅದಕ್ಕಲ್ಲ. ಅಪ್ಪ ಪೆನ್ನು ತೆಗೆಯುವ ಮುಂಚೆ
'ಊಟ ಆಯ್ತಾ?' ಅಂತ ಕೇಳುತ್ತಿದ್ದ.
ಖಾತೆ ಬದಲಾವಣೆಗೆ ಬಂದವರು
ಸತ್ತ ಎತ್ತಿನ ವಿಷಯ ಹೇಳಿ ಅತ್ತದ್ದನ್ನು ನೋಡಿದ್ದೇನೆ.
ಎತ್ತು ಅರ್ಜಿಯಲ್ಲಿ ಬರುತ್ತಿರಲಿಲ್ಲ, ನಿಜ.
ಅಪ್ಪನೂ ಬಿಡುತ್ತಿದ್ದ.
ಕೇಳಿಸಿಕೊಂಡು ಬಿಡುತ್ತಿದ್ದ.

ನಾಝಿಮಾ ಕೊನೆಯಲ್ಲೊಂದು ಖಾಲಿ ಚೌಕ ಸೇರಿಸಿದಳು,
ಇನ್ನೂರೈವತ್ತು ಅಕ್ಷರಕ್ಕೆ.
ಟೆಂಡರಿನಲ್ಲಿ ಇಲ್ಲದ ಕಲಂ ಎಂದು ನಮ್ಮ ಬಿಲ್ಲು ತಡೆದರು.
ಸ್ಕೂಟರಿನಲ್ಲಿ ದುದ್ದ ದಾಟಿ ಹೋದೆ.
ಜಾಲರಿ. ಬೀಗ. ಕೆಳಗೆ, ತುಂಬ ಕೆಳಗೆ, ಒಂದು ತುಂಡು ಆಕಾಶ.
ಅಲ್ಲೇ ನಿಂತು ಮೊಬೈಲಿನಲ್ಲಿ ತುಂಬಿದೆ:
'ನೋಡಿದೆ.'

ಬಿಂದಿಗೆ ಸೊಂಟಕ್ಕಿಟ್ಟು ಈರಕ್ಕ ನೋಡುತ್ತಿದ್ದಳು.
ಬರಕೊಂಡ್ರಾ?
ಬರಕೊಂಡೆ.
ಹಂಗಾರೆ, ನೀರು?